ಜೊತೆಗೆ ಬಂದವರು

ಮನುಷ್ಯರ ದನಿಯಲ್ಲೇ ಅವರ ಕಾಯಿಲೆ ಕೇಳಿಸುವಂತಾದರೆ ಏನಾದೀತು? ಸೋಮನಕೆರೆಯಲ್ಲಿ ಆದದ್ದು ಇಷ್ಟು: ಮೊದಲ ವಾರ ಜನ ಡಾಕ್ಟರ ಎದುರು ಬಾಯಿ ಬಿಡಲು ಹೆದರಿದರು. ಎರಡನೇ ವಾರ ಹೆದರಿಕೆ ಬಿಟ್ಟರು. ಮೂರನೇ ವಾರಕ್ಕೆ, ‘ನಮ್ಮ ಡಾಕ್ಟ್ರ ಮೇಜಿನ ಮೇಲಿರೋದು ಹಳೇ ಮಾಡೆಲ್ಲು, ಪೇಟೆ ಬೀದಿ ಕ್ಲಿನಿಕ್ಕಿಂದು ಚೆನ್ನಾಗಿ ಕೇಳಿಸ್ಕೊಳ್ಳುತ್ತಂತೆ’ ಎಂದು ದೂರತೊಡಗಿದರು.

ಯಂತ್ರದ ಹೆಸರು ಆಲಿಕೆ. ಅಂಗೈಯಗಲದ ಕಪ್ಪು ಬಿಲ್ಲೆ, ಅಷ್ಟೆ. ನಾವು ಮಾತಾಡುವಾಗ ಉಸಿರು ಗಂಟಲಿನ ತಂತುಗಳನ್ನು ಸವರಿಕೊಂಡು ಹೊರಬರುತ್ತದೆ; ಆ ಉಸಿರಿನ ಹಿಂದೆ ಶ್ವಾಸಕೋಶ, ಅದರ ಮಗ್ಗುಲಲ್ಲಿ ಹೃದಯ. ಎದೆಯ ಒಂದೊಂದು ಬಡಿತವೂ ದನಿಯ ಮೇಲೆ ನಮ್ಮ ಕಿವಿಗೆ ನಿಲುಕದ ಸಣ್ಣ ಅಲೆಯೊಂದನ್ನು ಎಬ್ಬಿಸುತ್ತದೆ. ಆಲಿಕೆ ಹಿಡಿಯುತ್ತಿದ್ದುದು ಆ ಅಲೆಗಳನ್ನು. ರಕ್ತನಾಳ ಕಿರಿದಾಗಿರಲಿ, ಶ್ವಾಸಕೋಶದಲ್ಲಿ ನೀರು ನಿಂತಿರಲಿ, ರೋಗಿ ನಾಲ್ಕು ಮಾತಾಡಿ ಮುಗಿಸುವುದರೊಳಗೆ ಡಾಕ್ಟರ ಪರದೆಯ ಮೇಲೆ ಅದು ಬಂದಿರುತ್ತಿತ್ತು. ಔಷಧಿ ಚೀಟಿಯೂ ಆಲಿಕೆಯ ಒಪ್ಪಿಗೆ ಪಡೆದೇ ಹೊರಬರುತ್ತಿತ್ತು.

ಜಿಲ್ಲೆಯ ಇಪ್ಪತ್ತಮೂರು ಕುಟುಂಬ ಕ್ಲಿನಿಕ್ಕುಗಳ ಆಲಿಕೆಗಳೆಲ್ಲ ಬಂದು ಸೇರುತ್ತಿದ್ದುದು ಸೋಮನಕೆರೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ನಿಯಂತ್ರಣ ಕೊಠಡಿಗೆ. ಅಂಬುಜಾಕ್ಷಿಯ ಮೇಜು ಅಲ್ಲಿತ್ತು. ಐವತ್ತೆರಡು ವರ್ಷದ ಅಂಬುಜಾಕ್ಷಿಗೆ ಯಂತ್ರದ ವಿದ್ಯೆ ಗೊತ್ತಿರಲಿಲ್ಲ. ಅವಳ ಕೆಲಸ ಬರೆಯುವುದು. ಮೇಲಿನಿಂದ ಬಂದ ನೀತಿ ನಿಯಮಗಳನ್ನು ಜನರಿಗೆ ಅರ್ಥವಾಗುವ ಕನ್ನಡಕ್ಕೆ ಇಳಿಸಿ, ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲ ಕ್ಲಿನಿಕ್ಕುಗಳಿಗೂ ಸೂಚನೆ ಕಳಿಸಬೇಕು. ‘ಫಲಾನುಭವಿಗಳು ಉಪವಾಸಾವಸ್ಥೆಯಲ್ಲಿ ಹಾಜರಾಗತಕ್ಕದ್ದು’ ಎಂದು ಬಂದದ್ದು ಅವಳ ಕೈ ದಾಟಿದ ಮೇಲೆ ‘ಬೆಳಗ್ಗೆ ಕಾಫಿ ಕೂಡ ಕುಡಿಯದೆ ಬನ್ನಿ’ ಎಂದಾಗುತ್ತಿತ್ತು. ಸೂಚನೆಗಳ ಕೆಳಗೆ ಅವಳ ಹೆಸರಿರುತ್ತಿರಲಿಲ್ಲ. ಆದರೂ ಕ್ಲಿನಿಕ್ಕಿನ ಗೋಡೆಯ ಮುಂದೆ ನಿಂತು ಯಾರಾದರೂ ಅದನ್ನು ಗಟ್ಟಿಯಾಗಿ ಓದಿದರೆ ಅವಳಿಗೆ ಒಳಗೊಳಗೇ ಹಿಗ್ಗು.

ಬರುವ ಸೋಮವಾರ ಹೊರಡಬೇಕಾದದ್ದು ನಲವತ್ತನಾಲ್ಕನೇ ಸೂಚನೆ. ‘ಚೀಟಿ ಯಾರದೋ, ದನಿ ಅವರದೇ. ಜೊತೆಗೆ ಬಂದವರ ಮಾತನ್ನು ಆಲಿಕೆ ಇನ್ನು ಮುಂದೆ ಆಲಿಸುವುದಿಲ್ಲ. ಕಿವಿಗೆ ಬಿದ್ದರೂ ಆ ಕ್ಷಣವೇ ಅಳಿಸಿಹಾಕುತ್ತದೆ.’

ಇದನ್ನು ಅವಳು ಮನಃಪೂರ್ವಕವಾಗಿಯೇ ಬರೆದಿದ್ದಳು. ಕಾರಣವೂ ಇತ್ತು. ಶುರುವಿನಲ್ಲಿ ಜೊತೆಗೆ ಬಂದವರ ಫಲಿತಾಂಶವೂ ಡಾಕ್ಟರ ಪರದೆಗೆ ಬರುತ್ತಿತ್ತು. ಒಂದೂರಲ್ಲಿ ಅತ್ತೆಯ ಕೆಮ್ಮಿಗೆಂದು ಜೊತೆಗೆ ಹೋದ ಸೊಸೆ ಬಸುರಿ ಎಂಬುದು ಅತ್ತೆಯ ಎದುರೇ ಬಯಲಾಯಿತು. ಆ ಹುಡುಗಿ ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಅಂದಿನಿಂದ ಜೊತೆಗಾರರ ದನಿ ಡಾಕ್ಟರಿಗೆ ಕಾಣಿಸುತ್ತಿರಲಿಲ್ಲ. ಹೆಸರಿಲ್ಲದೆ ನಿಯಂತ್ರಣ ಕೊಠಡಿಗೆ ಬಂದು ಬೀಳುತ್ತಿತ್ತು. ಸೋಮವಾರದಿಂದ ಅದೂ ಇರುವುದಿಲ್ಲ. ಕೇಳಬೇಡವೆಂದವರ ದನಿಗೆ ಕಿವಿಗೊಡುವ ಹಕ್ಕು ಯಂತ್ರಕ್ಕೆ ಎಲ್ಲಿದೆ?

ಶುಕ್ರವಾರ ಬೆಳಗ್ಗೆ ಅವಳು ಮೆಟ್ಟಿಲು ಹತ್ತುತ್ತ ಮೊದಲ ಮಹಡಿಯ ತಿರುವಿನಲ್ಲಿ ನಿಂತಳು. ಫೋನು ತೆಗೆದು ಏನೋ ನೋಡುತ್ತಿರುವವಳಂತೆ ಬೆರಳಾಡಿಸಿದಳು. ಎದೆಯ ನಡುವೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ದವಡೆಯಲ್ಲಿ ಒಂದು ಎಳೆತ. ಎರಡು ತಿಂಗಳಿಂದ ಹೀಗೆಯೇ ತಿರುವಿನಲ್ಲಿ ನಿಂತು ಫೋನು ನೋಡುತ್ತಿದ್ದಳು. ಮೊದಲೆಲ್ಲ ಅರ್ಧ ನಿಮಿಷಕ್ಕೆ ಹೋಗುತ್ತಿದ್ದುದು ಈಗೀಗ ಮೂರು ನಿಮಿಷವಾದರೂ ಸುಳಿದಾಡುತ್ತಿತ್ತು. ನಿನ್ನೆ ಹಗ್ಗದ ಮೇಲೆ ಬಟ್ಟೆ ಹರವಲು ಕೈಯೆತ್ತಿದಾಗಲೂ ಬಂದಿತ್ತು.

ಮೇಲೆ ನಿಹಾರಿಕಾ ಕಾಯುತ್ತಿದ್ದಳು. ಆಲಿಕೆಗಳನ್ನು ನೋಡಿಕೊಳ್ಳುವ ಎಂಜಿನಿಯರು, ಮಿಲಿಟರಿ ಅಧಿಕಾರಿಯ ಮಗಳು. ಊರೂರು ಸುತ್ತಿ ಕ್ವಾರ್ಟರ್ಸುಗಳಲ್ಲಿ ಬೆಳೆದವಳು.

‘ಮೇಡಂ, ಒಂದು ವಿಚಿತ್ರ ತೋರಿಸ್ಲಾ? ಅಳಿಸೋಕೆ ಮುಂಚೆ ಈ ತಿಂಗಳ ಜೊತೆಗಾರರ ದನಿಗಳನ್ನೆಲ್ಲ ಒಂದ್ಸಲ ಪರೀಕ್ಷೆಗೆ ಹಾಕ್ದೆ. ಸಾವಿರದ ಚಿಲ್ಲರೆ ದನಿ. ಅದ್ರಲ್ಲಿ ಇನ್ನೂರ ಹನ್ನೆರಡು ಜನಕ್ಕೆ ಕಾಯಿಲೆ.’

‘ಇದ್ದೇ ಇರತ್ತಲ್ಲಮ್ಮ.’

‘ಅಯ್ಯೋ, ಪೂರ್ತಿ ಕೇಳಿ. ಅವ್ರು ಹೇಳೋ ಕಾಯಿಲೆ ರೋಗಿಗಿಲ್ಲ. ಹೇಳ್ತಿರೋರಿಗೇ ಇದೆ! “ನಮ್ಮತ್ತೆಗೆ ಸುಸ್ತು” ಅಂತಾಳೆ ಒಬ್ಳು. ಅತ್ತೆ ಕಲ್ಲುಗುಂಡು. ಸುಸ್ತು ಇವಳಿಗೆ. “ಮಗೂಗೆ ಉಸಿರು ಕಟ್ಟುತ್ತೆ” ಅಂತಾಳೆ ಇನ್ನೊಬ್ಳು. ಮಗು ಚೆನ್ನಾಗಿದೆ. ಆಸ್ತಮಾ ಅವಳಿಗೆ. ಯಂತ್ರ ಯಾರ ದನಿ ಯಾರದು ಅಂತ ಅದಲುಬದಲು ಮಾಡ್ತಿದ್ಯೇನೋ ಅಂತ ಎರಡು ದಿನದಿಂದ ತಲೆ ಕೆಡಿಸ್ಕೊಂಡಿದೀನಿ.’

ಅಂಬುಜಾಕ್ಷಿ ಕುರ್ಚಿ ಎಳೆದುಕೊಂಡು ಕೂತಳು. ಯಂತ್ರ ಏನೂ ಅದಲುಬದಲು ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಸೋಮನಕೆರೆಯಲ್ಲಿ ಹುಟ್ಟಿದ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ ಅದು. ಹೇಳಿಕೊಟ್ಟವರು ಯಾರೂ ಇಲ್ಲ, ಕಲಿಯದವರೂ ಇಲ್ಲ. ಮೈಗೆ ಹುಷಾರಿಲ್ಲವೆಂದು ತನ್ನ ಹೆಸರಲ್ಲಿ ಚೀಟಿ ಮಾಡಿಸುವುದಿಲ್ಲ. ಅತ್ತೆಯನ್ನೋ ಮಗುವನ್ನೋ ಮುಂದಿಟ್ಟುಕೊಂಡು ಹೋಗುವುದು, ತನ್ನ ನೋವನ್ನು ಅವರ ಮೈಮೇಲಿಟ್ಟು ಹೇಳುವುದು.

ಆಲಿಕೆ ಬರುವ ಮೊದಲು ಇದು ಸುಸೂತ್ರ ನಡೆಯುತ್ತಿತ್ತು. ಅವರ ಬೀದಿಯ ಡಾಕ್ಟರು ಮುನೀರ್ ಅಹಮದ್, ಮೂವತ್ತು ವರ್ಷದಿಂದ ಅದೇ ಕ್ಲಿನಿಕ್ಕು. ಹತ್ತು ವರ್ಷದ ಹಿಂದೆ ಅಂಬುಜಾಕ್ಷಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ನಮ್ಮತ್ತೆಗೆ ತಿಂಗಳ ಮುಟ್ಟು ಸರಿಯಾಗಿ ಆಗ್ತಿಲ್ಲ ಡಾಕ್ಟ್ರೇ, ಬಹಳ ಹೋಗುತ್ತೆ’ ಎಂದುಬಿಟ್ಟಿದ್ದಳು. ಅತ್ತೆ ಪುಟ್ಟತಾಯಮ್ಮನಿಗೆ ಆಗ ಅರವತ್ತೊಂಬತ್ತು! ಮುನೀರ್ ಡಾಕ್ಟರು ತಲೆಯೆತ್ತದೆ ಬರೆಯುತ್ತ, ‘ಅತ್ತೆಗೆ ಕಬ್ಬಿಣದ ಮಾತ್ರೆ ಬರ್ದಿದೀನಿ. ಅಜ್ಜಿಗೆ ಮರೆವು ಜಾಸ್ತಿ, ಸೊಸೆ ಹತ್ರಾನೇ ಇರ್ಲಿ’ ಎಂದಿದ್ದರು. ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡಿದ್ದರು.

ಹೋದ ವಾರ ಬುಧವಾರವೂ ಹೋಗಿದ್ದಳು. ‘ನಮ್ಮತ್ತೆಗೆ ಮೆಟ್ಟಿಲು ಹತ್ತಿದ್ರೆ ಎದೆ ಹಿಂಡುತ್ತಂತೆ, ದವಡೆಗೆ ಬರುತ್ತಂತೆ’ ಎಂದಿದ್ದಳು. ಡಾಕ್ಟರು ಹಳೆಯ ಅಭ್ಯಾಸದಂತೆ ಅವಳ ಮುಖ ನೋಡಿದರು. ಏನೋ ಕೇಳಲಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಬೆಳಕು: ಪುಟ್ಟತಾಯಮ್ಮ, ಎಪ್ಪತ್ತೊಂಬತ್ತು, ಹೃದಯ ಸರಿಯಾಗಿದೆ, ಔಷಧಿ ಬೇಡ. ಮುಂದಿನ ಚೀಟಿಯವರ ಹೆಸರೂ ಮೂಡಿತು. ‘ನೀವು ಹೇಗಿದೀರಮ್ಮ?’ ಎಂದರು ಡಾಕ್ಟರು. ‘ನಂಗೇನು ಡಾಕ್ಟ್ರೇ’ ಎಂದು ಎದ್ದು ಬಂದಿದ್ದಳು.

ಇದನ್ನೆಲ್ಲ ನಿಹಾರಿಕಾಗೆ ಹೇಗೆ ಹೇಳುವುದು? ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

‘ಅಪಾಯದ ಪಟ್ಟೀಲಿ ಎಲ್ಲಕ್ಕಿಂತ ಮೇಲಿರೋ ಈ ದನಿ ಕೇಳಿ’ ಎಂದಳು ನಿಹಾರಿಕಾ, ಕಿವಿಗೆ ಹಾಕಿಕೊಳ್ಳುವುದನ್ನು ಅವಳ ಕೈಗಿಡುತ್ತ. ‘ಗುರುತು ಸಿಗ್ಬಾರ್ದು ಅಂತ ಸ್ವರ ಬದಲಾಯಿಸಿದೆ. ಆದ್ರೆ ಮಾತು ಅದೇ.’

ಯಾರದೋ ಗಡಸು ಗಂಟಲು, ಹೆಣ್ಣೂ ಅಲ್ಲ ಗಂಡೂ ಅಲ್ಲ. ‘ನಮ್ಮತ್ತೆಗೆ ಮೆಟ್ಟಿಲು ಹತ್ತಿದ್ರೆ ಎದೆ ಹಿಂಡುತ್ತಂತೆ…’

ಆ ಗಡಸು ಗಂಟಲು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿತ್ತು! ಎಲ್ಲೂ ತಡವರಿಸಲಿಲ್ಲ. ಕೊನೆಯಲ್ಲಿ, ಬಾಗಿಲ ಹತ್ತಿರದಿಂದ ಬಂದ ಹಾಗೆ, ‘ನಂಗೇನು ಡಾಕ್ಟ್ರೇ.’

‘ಎಷ್ಟು… ಎಷ್ಟಿದೆ ಇದು?’ ಎಂದಳು.

‘ಹೃದಯದ ದೊಡ್ಡ ರಕ್ತನಾಳಾನೇ ಮುಚ್ಕೊಳ್ತಾ ಬಂದಿದೆ. ದಿನಗಳ ಲೆಕ್ಕ ಅಂತ ತೋರಿಸ್ತಿದೆ. ಇವ್ರನ್ನ ಹುಡುಕ್ಬೇಕು ಮೇಡಂ. ಚೀಟಿ ನಂಬರಿಂದ ಅತ್ತೆ ಸಿಗ್ತಾರೆ, ಅತ್ತೆಯಿಂದ ಮನೆ. ಆದ್ರೆ ಗುರುತು ಬಿಡಿಸೋಕೆ ಸೂಚನೆ ಬರೆದೋರ ಸಹಿ ಬೇಕು. ನಿಮ್ದೇ.’ ಅವಳು ನಮೂನೆಯನ್ನು ಮುಂದೆ ತಳ್ಳಿದಳು. ‘ಮನೆಪುಟಕ್ಕೆ ಒಂದು ಎಚ್ಚರಿಕೆ ಹಾಕಿಬಿಟ್ರೆ ಮನೆಯೋರೆಲ್ಲರ ಫೋನಿಗೂ ಹೋಗತ್ತೆ, ಕರ್ಕೊಂಡು ಬರ್ತಾರೆ.’

ಮನೆಪುಟ! ಒಂದು ಮನೆಯವರ ಆರೋಗ್ಯವೆಲ್ಲ ಒಂದೇ ಪುಟದಲ್ಲಿ. ಗಂಡ, ಮೈದುನ, ಓರಗಿತ್ತಿ, ಮದುವೆಯಾಗಿ ಹೋದ ಮಗಳು, ಎಲ್ಲರಿಗೂ ತೆರೆದದ್ದು. ಆ ಪುಟದಲ್ಲಿ ಅಂಬುಜಾಕ್ಷಿಯ ಹೆಸರಿನ ಮುಂದೆ ಕಡೆಯ ಬಾರಿ ಏನಾದರೂ ಸೇರಿದ್ದು ಇಪ್ಪತ್ತಾರು ವರ್ಷದ ಹಿಂದಿನ ಹೆರಿಗೆಯ ದಾಖಲೆ. ಆಮೇಲೆ ಖಾಲಿ. ‘ಅಂಬುಜ ಒಂದು ದಿನ ಮಲಗಿದ್ದು ನೋಡಿಲ್ಲ’ ಎಂದು ಗಂಡ ನಂಜುಂಡಸ್ವಾಮಿ ಬಂದವರೆದುರು ಹೇಳುವಾಗ ಅವಳಿಗೆ ಬಹುಮಾನ ಸಿಕ್ಕಂತಾಗುತ್ತಿತ್ತು. ಅವಳ ತಾಯಿಯೂ ಹಾಗೆಯೇ, ‘ನಂಗೇನಾಗಿದೆ’ ಎನ್ನುತ್ತಲೇ ಒಂದು ದಿನ ಒಲೆಯ ಮುಂದೆ ಒರಗಿದ್ದರು. ಕಾಯಿಲೆಗೆ ಅವಳು ಅಷ್ಟು ಹೆದರಿರಲಿಲ್ಲ. ಹೆಸರು ಹಿಡಿದು ಹೇಳಿದ ಮೇಲೆ ತಾನು ನೋಡಿಕೊಳ್ಳುವವಳಾಗಿ ಉಳಿಯದೆ, ಎಲ್ಲರೂ ನೋಡಿಕೊಳ್ಳಬೇಕಾದವಳಾಗುವುದು ಹೇಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

‘ಸೋಮವಾರ ನೋಡೋಣ’ ಎಂದಳು.

‘ಸೋಮವಾರ ಬೆಳಗ್ಗೆ ಅಳಿಸಿ ಹೋಗತ್ತೆ. ನಿಮ್ಮ ಸೂಚನೇನೇ.’ ನಿಹಾರಿಕಾ ಅವಳನ್ನೇ ನೋಡಿದಳು. ‘ಯಾಕ್ ಮೇಡಂ, ಆ ಹೆಂಗಸು ಯಾರೋ ಏನೋ, ಸತ್ರೆ ಸಾಯ್ಲಿ ಅಂತಾನಾ?’

ಅಂಬುಜಾಕ್ಷಿ ನಮೂನೆಯನ್ನು ಮಡಿಸಿ ಚೀಲಕ್ಕಿಟ್ಟುಕೊಂಡಳು.

ಸಂಜೆ ಮನೆಯಲ್ಲಿ ಪುಟ್ಟತಾಯಮ್ಮ ಹಿತ್ತಲ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಂಬುಜಾಕ್ಷಿ ಎದುರು ಕೂತು ತಾನೂ ಒಂದು ಹಿಡಿ ಮಡಿಲಿಗೆ ಹಾಕಿಕೊಂಡಳು.

‘ಅತ್ತೆ, ನಾಳೆ ಕ್ಲಿನಿಕ್ಕಿಗೆ ಹೋಗ್ಬೇಕು.’

‘ಯಾಕೆ, ನಂಗೆ ಈ ಸಲ ಏನಾಗಿದೆ?’

ಅಂಬುಜಾಕ್ಷಿಯ ಕೈ ನಿಂತಿತು.

‘ಹಂಗೇನು ನೋಡ್ತೀಯ? ಹೋದ ವಾರ ಎದೆನೋವಾಗಿತ್ತು ನಂಗೆ. ಅದಕ್ಕೆ ಮುಂಚೆ ಮೈಯುರಿ. ಹತ್ತು ವರ್ಷದ ಹಿಂದೆ ಅದ್ಯಾವುದೋ ಮಾನಗೆಟ್ಟಿದ್ದು, ಮುಟ್ಟಂತೆ! ಯಾವತ್ತಾದ್ರೂ ಇಲ್ಲ ಅಂದಿದೀನಾ? ಸುಮ್ನೆ ಕೂತಿರ್ತೀನಿ. ನಮ್ಮತ್ತೆಯೂ ನನ್ನ ಪಕ್ಕದಲ್ಲಿ ಹಂಗೇ ಕೂತ್ಕೊಳೋರು, ಪುಣ್ಯಾತ್ಗಿತ್ತಿ. ನಂಗೆ ಗರ್ಭ ನಿಲ್ದೆ ಹೋದಾಗ ಅವ್ರ ಹೆಸ್ರಲ್ಲೇ ಪುಡಿ ತಂದು ತಿಂದಿದ್ದು.’

‘ಅತ್ತೆ…’

‘ಹೂಂ ಅನ್ನು. ಮೆಟ್ಟಿಲ ತಿರುವಲ್ಲಿ ನಿಂತ್ಕೋತೀಯಂತಲ್ಲ, ನಿಮ್ಮಾಫೀಸಿನ ಕಾವಲುಗಾರನ ಹೆಂಡ್ತಿ ಅಂದ್ಳು. ಜೋರಾಗಿದ್ಯಾ?’

‘ಜೋರಾಗಿದೆ.’ ಆ ಒಂದು ಮಾತಿಗೇ ಅವಳ ಕಣ್ಣು ತುಂಬಿತು. ‘ಇನ್ನು ನಿಮ್ಮ ಹೆಸ್ರಲ್ಲಿ ಆಗಲ್ಲ ಅತ್ತೆ. ಆ ಯಂತ್ರ ನಿಮ್ಮನ್ನ ಚೆನ್ನಾಗಿದೀರಿ ಅಂತ ಕಳಿಸ್ಬಿಡತ್ತೆ.’

‘ಅದಕ್ಕೇನು ಗೊತ್ತು, ಮುಂಡೇದಕ್ಕೆ’ ಎಂದರು ಪುಟ್ಟತಾಯಮ್ಮ. ‘ನಿನ್ನ ಹೆಸ್ರಲ್ಲೇ ಮಾಡ್ಸು. ಈ ಸಲ ನಾನು ಜೊತೆಗೆ ಬರ್ತೀನಿ.’

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮುನೀರ್ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಫಿಲೋಮಿನಾ ಸಿಸ್ಟರು ಎಂದಿನಂತೆ ‘ಅಜ್ಜಿ ಹೆಸರಿಗೆ ತಾನೇ?’ ಎಂದು ಬೆರಳೊತ್ತಲು ಹೋದರು.

‘ನನ್ನ ಹೆಸರಿಗೆ’ ಎಂದಳು ಅಂಬುಜಾಕ್ಷಿ. ಸಿಸ್ಟರು ತಲೆಯೆತ್ತಿ, ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು ಜಾಗ ಮಾಡಿಕೊಟ್ಟರು. ಅದೇ ಗಳಿಗೆಯಲ್ಲಿ ಮನೆಪುಟಕ್ಕೂ ಸುದ್ದಿ ಹೋಯಿತು. ಕೂತು ಉಸಿರು ಬಿಡುವಷ್ಟರಲ್ಲಿ ನಂಜುಂಡಸ್ವಾಮಿಯ ಫೋನು. ‘ಏನೇ ಇದು, ನಿನ್ನ ಹೆಸರು ಬಂದಿದೆ? ತಪ್ಪಾಗಿ ಒತ್ತಿದಾರಾ?’

‘ತಪ್ಪಲ್ಲ. ಬನ್ನಿ’ ಎಂದಳು.

ಒಳಗೆ ಕಪ್ಪು ಬಿಲ್ಲೆ ಅದರ ಪಾಡಿಗೆ ಮೇಜಿನ ಮೇಲಿತ್ತು. ಡಾಕ್ಟರು ಚೀಟಿ ನೋಡಿದರು, ಅವಳ ಮುಖ ನೋಡಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

‘ಹೇಳಿ ಅಮ್ಮ.’

ನಲವತ್ತನಾಲ್ಕು ಸೂಚನೆ ಬರೆದ ಕೈ ಮಡಿಲಲ್ಲಿ ಸೆರಗು ತಿರುಚುತ್ತಿತ್ತು. ಅತ್ತೆಯ ನೋವಾಗಿದ್ದರೆ ಎಲ್ಲಿ, ಹೇಗೆ, ಎಷ್ಟು ಹೊತ್ತು ಎಂದು ಪಟಪಟ ಹೇಳುತ್ತಿದ್ದಳು. ತನ್ನದೆಂದ ಕೂಡಲೇ ಅದು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಾಗಿ ಕಂಡಿತು. ಡಾಕ್ಟರ ಸಮಯ ಹಾಳು ಮಾಡುತ್ತಿದ್ದೇನೆ ಎನ್ನಿಸಿತು.

‘ನನಗೆ ಎದೆ ನೋಯುತ್ತೆ’ ಎಂದಳು ಕೊನೆಗೆ. ಅಷ್ಟೇ. ಮೂರು ಪದ.

ಆಲಿಕೆಗೆ ಅಷ್ಟು ಸಾಕಾಯಿತು. ಪರದೆ ಕೆಂಪಾಯಿತು. ಡಾಕ್ಟರು ಅದನ್ನು ಪೂರ್ತಿ ಓದುವ ಮೊದಲೇ ಎದ್ದು ಬಾಗಿಲಿಗೆ ಹೋಗಿ ಆಂಬುಲೆನ್ಸಿಗೆ ಹೇಳಿ ಬಂದರು. ಮಾತ್ರೆಯೊಂದನ್ನು ಅವಳ ನಾಲಿಗೆಯಡಿಗಿಟ್ಟರು. ‘ಬುಧವಾರವೇ ನಿಮ್ಮ ಮುಖದಲ್ಲಿ ಕಾಣ್ತಿತ್ತು’ ಎಂದರು ಮೆಲ್ಲಗೆ. ‘ಹಸಿರು ದೀಪ ನೋಡಿ ನಾನು ನನ್ನ ಕಣ್ಣನ್ನ ನಂಬ್ಲಿಲ್ಲ. ನಂದೇ ತಪ್ಪು.’

ಆಂಬುಲೆನ್ಸು ಬರಲು ಹನ್ನೆರಡು ನಿಮಿಷ. ಮಂಚದ ಮೇಲೆ ಮಲಗಿದ್ದ ಅಂಬುಜಾಕ್ಷಿಯ ಕೈ ಹಿಡಿದು ಪುಟ್ಟತಾಯಮ್ಮ ಡಾಕ್ಟರ ಕಡೆ ತಿರುಗಿದರು.

‘ಡಾಕ್ಟ್ರೇ, ಹೆಂಗೂ ನೋಡ್ತಿದೀರಿ. ಇವಳಿಗೆ ಇನ್ನೊಂದಿದೆ. ರಾತ್ರಿ ಮೂರ್ನಾಲ್ಕು ಸಲ ಎದ್ದು ಹೋಗ್ಬೇಕು, ಹೋಗೋದ್ರೊಳಗೇ ಆಗ್ಬಿಡುತ್ತೆ. ನಾಚ್ಕೋತಾಳೆ, ಹೇಳಲ್ಲ ಪಾಪ.’

ಅಂಬುಜಾಕ್ಷಿ ಬೆರಗಾಗಿ ಅತ್ತೆಯನ್ನು ನೋಡಿದಳು. ತನಗೆ ಅಂಥದ್ದೇನೂ ಇರಲಿಲ್ಲ. ತಿಂಗಳುಗಳಿಂದ ಅತ್ತೆಯ ಹಾಸಿಗೆಯ ಹೊದಿಕೆ ಬೆಳಗಾಗುವ ಮೊದಲೇ ಒಗೆದು ಹಗ್ಗದ ಮೇಲಿರುತ್ತಿದ್ದುದು ಏಕೆಂದು ಅವಳಿಗೆ ಈಗ ತಿಳಿಯಿತು. ಅತ್ತೆ ಮಾತ್ರ ಗೋಡೆಯ ಮೇಲಿನ ಲಸಿಕೆಯ ಪಟವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

‘ಇದೆ ಡಾಕ್ಟ್ರೇ’ ಎಂದಳು ಅಂಬುಜಾಕ್ಷಿ, ನಾಲಿಗೆಯಡಿಯ ಮಾತ್ರೆ ಸರಿಸಿಕೊಂಡು. ‘ಬಹಳ ಇದೆ.’

ಡಾಕ್ಟರು ಆಲಿಕೆಯ ಮೇಲೆ ಒಂದು ಕರವಸ್ತ್ರ ಹೊದಿಸಿ, ಎಲ್ಲೋ ಮೂಲೆಯಲ್ಲಿದ್ದ ಹಳೆಯ ಕಾಗದದ ಪ್ಯಾಡು ಹುಡುಕಿ ಬರೆಯತೊಡಗಿದರು.

ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತನಾಳ ತೆರೆದು ಸಣ್ಣ ಕೊಳವೆಯೊಂದನ್ನು ಕೂರಿಸಿದರು. ಭಾನುವಾರ ಮಧ್ಯಾಹ್ನ, ಎದೆಗೆ ಅಂಟಿಸಿದ ತಂತಿಗಳ ನಡುವಿನಿಂದ, ಅಂಬುಜಾಕ್ಷಿ ನಿಹಾರಿಕಾಗೆ ಫೋನು ಮಾಡಿದಳು.

‘ಆ ಮೊದಲನೇ ದನಿ ನಂದು ಕಣಮ್ಮ.’

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, ‘ನಾನು ನಿಮ್ಮ ಮುಂದೇನೇ ಸತ್ರೆ ಸಾಯ್ಲಿ ಅಂದೆ.’

‘ಅಂದಿದ್ದಕ್ಕೇ ಇಲ್ಲಿದೀನಿ. ಈಗ ಬರ್ಕೋ. ಉಳಿದ ಇನ್ನೂರ ಹನ್ನೊಂದು ಜನಾನ ಹುಡುಕ್ಬೇಕು.’

‘ಸಹಿ ಹಾಕ್ತೀರಾ? ಮನೆಪುಟಕ್ಕೆ ಎಚ್ಚರಿಕೆ…’

‘ಬೇಡ. ಹಾಗೆ ಮಾಡಿದ್ರೆ ಒಬ್ಳೂ ಬರಲ್ಲ. ಮನೇಲಿ ಪಂಚಾಯ್ತಿ ಕೂರತ್ತೆ, “ನಂಗೇನಾಗಿದೆ” ಅಂತ ಎಲ್ಲರೂ ಆಣೆ ಇಡ್ತಾರೆ. ಗುರುತೂ ಬಿಡಿಸೋದು ಬೇಡ. ಹೆಸರು ನಮಗ್ಯಾಕೆ? ಚೀಟಿ ಯಾರ ಹೆಸರಲ್ಲಿದ್ಯೋ ಅವರಿಗೇ ಕಳ್ಸು. ಎರಡೇ ಸಾಲು.’

ಅವಳು ಕಣ್ಣು ಮುಚ್ಚಿಕೊಂಡು ಹೇಳಿದಳು. ‘ನಿಮ್ಮ ಮರುತಪಾಸಣೆ ಬಾಕಿ ಇದೆ, ಈ ವಾರವೇ ಬನ್ನಿ. ಹೋದ ಸಲ ಜೊತೆಗೆ ಬಂದವರೇ ಈ ಸಲವೂ ತಪ್ಪದೆ ಜೊತೆಗಿರಬೇಕು.’ ಮತ್ತೆ ಡಾಕ್ಟರುಗಳಿಗೆ ಬೇರೆ ಸಾಲು: ಜೊತೆಗೆ ಬಂದವರಿಗೂ ಕುರ್ಚಿ ಹಾಕಿ, ರೋಗಿಯನ್ನು ಐದು ನಿಮಿಷ ಹೊರಗೆ ಕೂರಿಸಿ, ಜೊತೆಗಾರರು ಒಪ್ಪಿದರೆ ಮಾತ್ರ ಅವರ ದನಿಯನ್ನು ಆಲಿಕೆಗೆ ಕೊಡಿ, ಫಲಿತಾಂಶ ಅವರ ಕೈಗೆ ಮಾತ್ರ, ಮನೆಪುಟಕ್ಕಲ್ಲ. ಅಳಿಸುವುದು ಆಮೇಲೆ.

ಸೂಚನೆಗೆ ಒಪ್ಪಿಗೆ ಕೊಡಬೇಕಾದ ನಿರ್ದೇಶಕರು ಸಂಜೆ ಅವಳಿಗೇ ಫೋನು ಮಾಡಿ ರೇಗಿದರು. ‘ಏನ್ರೀ ಇದು? ಮರುತಪಾಸಣೆಗೂ ಜೊತೆಗೆ ಬಂದವರಿಗೂ ಏನು ಸಂಬಂಧ? ಯಾರಿಗೆ ಅರ್ಥವಾಗುತ್ತೆ?’

‘ಅರ್ಥವಾಗಬೇಕಾದವರಿಗೆ ಆಗುತ್ತೆ ಸರ್. ಬೇಕಿದ್ರೆ ನಿಮ್ಮ ಮನೇಲೊಂದು ಮಾತು ಕೇಳಿ ನೋಡಿ.’

ಅರ್ಧ ಗಂಟೆಯ ಮೇಲೆ ಒಪ್ಪಿಗೆ ಬಂತು.

ಬುಧವಾರ ಮುನೀರ್ ಡಾಕ್ಟರ ಕ್ಲಿನಿಕ್ಕಿನಿಂದ ನಿಹಾರಿಕಾ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಸಂತೆಯ ಗದ್ದಲ.

‘ಮೇಡಂ, ಬೀದಿವರೆಗೂ ಸಾಲು! ಏನೂ ಆಗದ ಅತ್ತೆಯರು, ಏನೂ ಆಗದ ಮಕ್ಕಳು. ಒಬ್ರು ಗಂಡಸ್ರೂ ಇದಾರೆ, ಅವ್ರ ತಂದೇನ ಕರ್ಕೊಂಡು ಬಂದಿದಾರೆ, ತಂದೆಗೇನೂ ಇಲ್ಲ. ಇಲ್ಲಿ ಒಬ್ಬ ಅಜ್ಜಿ ಸೊಸೇನ ದರದರ ಎಳ್ಕೊಂಡು ಬರ್ತಿದಾರೆ. ಆ ಸೊಸೆ ನಂಗೇನೂ ಆಗಿಲ್ಲ ಅಂತಿದಾಳೆ, ಅಜ್ಜಿ ನಿಂಗಲ್ಲ ಕಣೇ, ನಂಗೆ ಹುಷಾರಿಲ್ಲ, ಬಾ ಅಂತ ಬೈತಿದಾರೆ…’

‘ಕೂರೋಕೆ ಜಾಗ ಇದ್ಯಾ?’ ಎಂದಳು ಅಂಬುಜಾಕ್ಷಿ.

‘ಇಲ್ಲ.’

‘ಪಕ್ಕದ ಶಾಲೆಯಿಂದ ಬೆಂಚು ಕೇಳು. ಪ್ರತಿ ಚೀಟಿಗೂ ಇಬ್ಬಿಬ್ರು ಅಂತ ಲೆಕ್ಕ ಹಾಕು.’